ಕಲ್ಯಾಣದ ಎರಡು ಪರಂಪರೆಗಳು: ಸ್ತ್ರೀಯ ದಾಯಹಕ್ಕು ಮತ್ತು ಮೀಸಲಾತಿಯ ವಿಚಾರ

ಕರ್ನಾಟಕದ ಇತಿಹಾಸದಲ್ಲಿ ಕಲ್ಯಾಣಪಟ್ಟಣದ ಹೆಸರು ಎರಡು ಮಹತ್ಕಾರ್ಯಗಳೊಡನೆ ಹೆಣೆದುಕೊಂಡಿದೆ. ಮೊದಲನೆಯದು, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ 'ಮಿತಾಕ್ಷರಾ' ಎಂಬ ವ್ಯಾಖ್ಯಾನ. ಎರಡನೆಯದು, ಅದಾದ ಅರ್ಧ ಶತಮಾನದೊಳಗೆ ಅದೇ ನೆಲದಲ್ಲಿ ಬಸವಾದಿ ಪ್ರಮಥರು ನಡೆಸಿದ ಶರಣ ಚಳುವಳಿ. ಒಂದು, ಬಂಗಾಳವನ್ನುಳಿದು ಭಾರತದ ಬಹುಭಾಗದ ಕುಟುಂಬಗಳ ಆಸ್ತಿವ್ಯವಹಾರವನ್ನು ಎಂಟುನೂರು ವರ್ಷಗಳಿಗೂ ಮಿಗಿಲಾಗಿ ಆಳಿತು. ಇನ್ನೊಂದು, ಸ್ತ್ರೀಪುರುಷರಿಬ್ಬರಿಗೂ ಒಂದೇ ಇಷ್ಟಲಿಂಗವನ್ನು ಕೊಟ್ಟು, ಆತ್ಮಕ್ಕೆ ಲಿಂಗಭೇದವಿಲ್ಲವೆಂದು ಸಾರಿತು.

ಈ ಎರಡು ಪರಂಪರೆಗಳೂ ನಮ್ಮ ಮನೆಗಳಲ್ಲಿ ಒಟ್ಟಿಗೇ ಬಾಳಿವೆ. ಲಿಂಗದೀಕ್ಷೆಯನ್ನು ಮಗನಂತೆಯೇ ಪಡೆದ ಮಗಳು, ಹೊಲಮನೆಗಳ ಪಾಲಿನ ಸಮಯದಲ್ಲಿ ಮಾತ್ರ ಮಗನಂತಾಗಲಿಲ್ಲ. ಧರ್ಮದಲ್ಲಿ ದೊರೆತ ಸಮಾನತೆಯು ದಸ್ತಾವೇಜಿಗೆ ಇಳಿದು ಬರಲು ಇಷ್ಟು ಕಾಲ ಏಕೆ ಹಿಡಿಯಿತು? ಇಳಿದು ಬಂದ ಮೇಲೂ ಸ್ತ್ರೀಯರಿಗೆ ಮೀಸಲಾತಿಯೆಂಬ ವಿಶೇಷ ಆಸರೆ ಏಕೆ ಬೇಕಾಯಿತು? ಈ ಎರಡು ಪ್ರಶ್ನೆಗಳನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶರಣರು ಕೊಟ್ಟದ್ದು, ಉಳಿದದ್ದು

ಹನ್ನೆರಡನೆಯ ಶತಮಾನದ ಶರಣಧರ್ಮವು ಸ್ತ್ರೀಗೆ ತಂದ ಬಿಡುಗಡೆ ಸಾಮಾನ್ಯವಾದುದಲ್ಲ. ಜನನ, ಮರಣ, ರಜಸ್ಸು ಮೊದಲಾದ ಪಂಚಸೂತಕಗಳನ್ನು ನಿರಾಕರಿಸಿದ್ದರಿಂದ ಅವಳ ದೇಹಕ್ಕೆ ಅಂಟಿದ್ದ ಮೈಲಿಗೆಯ ಭಾವನೆಗೆ ತಾತ್ತ್ವಿಕ ಆಧಾರವೇ ಇಲ್ಲದಂತಾಯಿತು. ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರ ವಚನಗಳು ನಮಗೆ ಉಳಿದು ಬಂದಿವೆ. ಅಕ್ಕಮಹಾದೇವಿ, ನೀಲಾಂಬಿಕೆ, ಮುಕ್ತಾಯಕ್ಕರ ಜೊತೆಗೆ ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಸೂಳೆ ಸಂಕವ್ವೆಯಂತಹ ಕಾಯಕಜೀವಿಗಳೂ ಆ ಸಾಲಿನಲ್ಲಿದ್ದಾರೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಲಕ್ಕಮ್ಮನು ತಿದ್ದಿದ ಪ್ರಸಂಗವು, ದಾಂಪತ್ಯದಲ್ಲಿ ಹೆಂಡತಿಯೂ ಗುರುವಾಗಬಲ್ಲಳೆಂಬುದಕ್ಕೆ ನಿದರ್ಶನವಾಗಿದೆ.

ಆದರೆ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ನಾವು ಸ್ತ್ರೀಸ್ವಾತಂತ್ರ್ಯಕ್ಕೆ ಪರಮ ಆದರ್ಶವೆಂದು ಎತ್ತಿಹಿಡಿಯುವ ಅಕ್ಕಮಹಾದೇವಿಯು ಅರಮನೆಯನ್ನೂ ಉಡುಗೆಯನ್ನೂ ಬಿಟ್ಟು ಹೊರಟವಳು. ಆಕೆಯ ವಿಷಯದಲ್ಲಿ ದಾಯಭಾಗದ ಪ್ರಶ್ನೆಯೇ ಹುಟ್ಟುವುದಿಲ್ಲ. ಎಲ್ಲವನ್ನೂ ತ್ಯಜಿಸಿದವರಿಗೆ ಕಾನೂನಿನ ಹಂಗಿಲ್ಲ. ಸಂಸಾರದಲ್ಲಿ ಉಳಿದು, ಬಿತ್ತಿ ಬೆಳೆದು, ಮಕ್ಕಳನ್ನು ಸಾಕಿ, ಗಂಡನನ್ನು ಕಳೆದುಕೊಂಡು, ಮೈದುನರ ಮನೆಯಲ್ಲಿ ಅನ್ನಕ್ಕೆ ಕೈಯೊಡ್ಡಬೇಕಾದ ಹೆಣ್ಣಿಗೆ ಮಾತ್ರ ಕಾನೂನು ಬೇಕು. ಆ ಹೆಣ್ಣಿನ ಪಾಲಿಗೆ, ಶರಣರ ತತ್ತ್ವವು ಆಸ್ತಿಯ ಶಾಸನವಾಗಿ ರೂಪುಗೊಳ್ಳುವ ಮೊದಲೇ ಕಲ್ಯಾಣದಲ್ಲಿ ಕೋಲಾಹಲವೆದ್ದು ಶರಣರು ಚದುರಿಹೋದರು. ಅನಂತರದ ಶತಮಾನಗಳಲ್ಲಿ ವೀರಶೈವ ಕುಟುಂಬಗಳು ದೀಕ್ಷೆ, ಪೂಜೆ, ಸಮಾಧಿ ಸಂಸ್ಕಾರಗಳಲ್ಲಿ ತಮ್ಮದೇ ಪದ್ಧತಿಯನ್ನು ಪಾಲಿಸಿದರೂ ಆಸ್ತಿಯ ಪಾಲಿನಲ್ಲಿ ಮಿತಾಕ್ಷರದ ಹಾದಿಯನ್ನೇ ಹಿಡಿದವು.

ಮಿತಾಕ್ಷರವು ಹೇಳಿದ್ದು, ನ್ಯಾಯಾಲಯಗಳು ಕೇಳಿದ್ದು

ಹಾಗೆಂದು ವಿಜ್ಞಾನೇಶ್ವರನನ್ನು ಸ್ತ್ರೀಯರ ಹಕ್ಕಿನ ಶತ್ರುವೆಂದು ಬಗೆಯುವುದು ತಪ್ಪಾಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂದು ಅವನು ಹೇಳಿದ್ದು ನಿಜ. ಮಗಳಿಗೆ ಆ ಜನ್ಮಹಕ್ಕು ಇರಲಿಲ್ಲವೆಂಬುದೂ ನಿಜ. ಆದರೆ ಇತರ ಸಂಗತಿಗಳಲ್ಲಿ ಅವನು ತನ್ನ ಕಾಲಕ್ಕಿಂತ ಉದಾರನಾಗಿದ್ದನು. ತಂದೆಯ ಮರಣಾನಂತರ ಪಾಲಾಗುವಾಗ ತಾಯಿಗೆ ಮಕ್ಕಳೊಡನೆ ಸಮಪಾಲು. ಅವಿವಾಹಿತ ಸೋದರಿಗೆ, ಅವಳು ಗಂಡಾಗಿದ್ದರೆ ಬರಬಹುದಾಗಿದ್ದ ಪಾಲಿನ ನಾಲ್ಕನೆಯ ಒಂದು ಭಾಗ. ವಿಭಕ್ತನಾಗಿ ಗಂಡುಸಂತಾನವಿಲ್ಲದೆ ತೀರಿಕೊಂಡವನ ಆಸ್ತಿಗೆ ಮೊದಲ ಹಕ್ಕುದಾರಳು ಅವನ ಪತ್ನಿ, ಅನಂತರ ಮಗಳು. ಇದೆಲ್ಲವೂ ಮಿತಾಕ್ಷರದಲ್ಲಿದೆ. ಸ್ತ್ರೀಧನವೆಂಬ ಮಾತಿಗೆ ಅವನು ಕೊಟ್ಟ ಅರ್ಥವಂತೂ ಇನ್ನೂ ವಿಶಾಲವಾದುದು. ವಿವಾಹಕಾಲದ ಉಡುಗೊರೆಗಳಷ್ಟೇ ಅಲ್ಲದೆ ದಾಯವಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ದೊರೆತದ್ದು, ಹೀಗೆ ಸ್ತ್ರೀಗೆ ಸಂದ ಸಕಲ ಸಂಪತ್ತೂ ಸ್ತ್ರೀಧನವೇ ಎಂದು ಅವನು ವ್ಯಾಖ್ಯಾನಿಸಿದನು.

ಈ ಉದಾರತೆ ಬ್ರಿಟಿಷರ ನ್ಯಾಯಾಲಯಗಳಲ್ಲಿ ಸೊರಗಿತು. ಮಿತಾಕ್ಷರದ ದಾಯಪ್ರಕರಣವನ್ನು ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಂದನು. ಆ ಅನುವಾದವನ್ನು ಆಧರಿಸಿ ತೀರ್ಪಿತ್ತ ನ್ಯಾಯಾಧೀಶರು ಗಂಡಿಗೆ ಸಂಬಂಧಿಸಿದ ವಾಕ್ಯಗಳನ್ನು ಯಥಾವತ್ತಾಗಿ ಹಿಡಿದರು. ಹೆಣ್ಣಿಗೆ ಸಂಬಂಧಿಸಿದವನ್ನು ಸಂಕೋಚಗೊಳಿಸಿದರು. ಗಂಡನಿಂದ ದಾಯವಾಗಿ ಬಂದ ಆಸ್ತಿ ಸ್ತ್ರೀಧನವಲ್ಲ, ಅದರಲ್ಲಿ ವಿಧವೆಗೆ ಇರುವುದು ಸೀಮಿತ ಹಕ್ಕು ಮಾತ್ರವೆಂದು ಪ್ರಿವಿ ಕೌನ್ಸಿಲು 1867ರಲ್ಲಿ ತೀರ್ಮಾನಿಸಿತು. 1903ರಲ್ಲಿ, ಸ್ತ್ರೀಯಿಂದ ಸ್ತ್ರೀಗೆ ದಾಯವಾಗಿ ಬಂದ ಆಸ್ತಿಗೂ ಅದೇ ಗತಿಯಾಯಿತು. ಪಾಲಿನ ಸಮಯದಲ್ಲಿ ತಾಯಿಗೂ ಹೆಂಡತಿಗೂ ಭಾಗ ಕೊಡುವ ಪದ್ಧತಿಯು ದಕ್ಷಿಣದಲ್ಲಿ ಬಳಕೆ ತಪ್ಪಿದೆಯೆಂದು ಹೇಳಿ ಅವರಿಗೆ ಜೀವನಾಂಶವನ್ನಷ್ಟೇ ಉಳಿಸಲಾಯಿತು. ಸೋದರಿಯ ಕಾಲುಪಾಲು ಅವಳ ಮದುವೆಯ ಖರ್ಚಿಗೆ ಇಳಿಯಿತು.

ಸ್ವತಂತ್ರ ಸಂಪ್ರದಾಯಗಳೂ ಇದೇ ಇಕ್ಕಟ್ಟಿಗೆ ಸಿಲುಕಿದವು. ವೀರಶೈವರ ಅನೇಕ ಪಂಗಡಗಳಲ್ಲಿ ಉಡಿಕೆಯ ರೂಪದಲ್ಲಿ ವಿಧವಾ ಪುನರ್ವಿವಾಹವು ಮೊದಲಿನಿಂದಲೂ ರೂಢಿಯಲ್ಲಿತ್ತು. ಪುನರ್ವಿವಾಹಕ್ಕೆ ಅನುಮತಿಯಿಲ್ಲದವರಿಗಾಗಿ 1856ರಲ್ಲಿ ಬಂದ ಶಾಸನವು, ಮತ್ತೆ ಮದುವೆಯಾದ ವಿಧವೆ ಮೊದಲ ಗಂಡನ ಆಸ್ತಿಯನ್ನು ಕಳೆದುಕೊಳ್ಳುವಳೆಂದು ವಿಧಿಸಿತು. ರೂಢಿಯಿಂದಲೇ ಮರುಮದುವೆಯ ಹಕ್ಕಿದ್ದವರಿಗೆ ಈ ನಿಯಮವು ತಗಲದೆಂದು ಅಲಹಾಬಾದಿನ ಹೈಕೋರ್ಟು ಹೇಳಿದರೆ, ಅವರಿಗೂ ತಗಲುತ್ತದೆಂದು ಮುಂಬಯಿ ಹೈಕೋರ್ಟು ಹೇಳಿತು. ಧಾರವಾಡ, ಬೆಳಗಾವಿ, ಬಿಜಾಪುರಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರೂಢಿಯು ಕೊಟ್ಟ ಸ್ವಾತಂತ್ರ್ಯಕ್ಕೆ ಕಾನೂನು ಬೆಲೆ ಕಟ್ಟಿ ವಸೂಲು ಮಾಡಿದಂತಾಯಿತು.

ಮೈಸೂರಿನ 1933ರ ಶಾಸನ

ಈ ಹಿನ್ನೆಲೆಯಲ್ಲಿ ನೋಡಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು 1933ರಲ್ಲಿ ಜಾರಿಗೆ ತಂದ 'ಹಿಂದೂ ಲಾ ಸ್ತ್ರೀಯರ ಹಕ್ಕುಗಳ ಶಾಸನ'ದ ಮಹತ್ತ್ವವು ಅರಿವಾಗುತ್ತದೆ. ಬ್ರಿಟಿಷ್ ಇಂಡಿಯದಲ್ಲಿ ದೇಶಮುಖರ ಪ್ರಯತ್ನದಿಂದ ವಿಧವೆಯರಿಗೆ ಸೀಮಿತ ಹಕ್ಕು ಕೊಟ್ಟ ಶಾಸನವು ಬಂದದ್ದು 1937ರಲ್ಲಿ. ಅದರಲ್ಲಿ ಮಗಳಿಗೆ ಏನೂ ಇರಲಿಲ್ಲ. ಮೈಸೂರು ನಾಲ್ಕು ವರ್ಷ ಮೊದಲೇ, ಮಗಳನ್ನೂ ಒಳಗೊಂಡು, ಇನ್ನೂ ಮುಂದಿನ ಹೆಜ್ಜೆಯನ್ನಿಟ್ಟಿತ್ತು.

ಆ ಶಾಸನದ ಎಂಟನೆಯ ಪ್ರಕರಣದಂತೆ ಅವಿಭಕ್ತ ಕುಟುಂಬವು ಪಾಲಾಗುವಾಗ ವಿಧವೆಗೆ, ಅವಳ ಗಂಡನು ಬದುಕಿದ್ದರೆ ಬರುತ್ತಿದ್ದ ಪಾಲಿನ ಅರ್ಧ. ತಾಯಿಗೆ ಮಗನ ಪಾಲಿನ ಅರ್ಧ. ಅವಿವಾಹಿತ ಮಗಳಿಗೆ ಅಥವಾ ಸೋದರಿಗೆ ಸೋದರನ ಪಾಲಿನ ಕಾಲುಭಾಗ ಸಲ್ಲಬೇಕು. ಹತ್ತನೆಯ ಪ್ರಕರಣವು ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿತು. ಸ್ತ್ರೀಯಿಂದ ಸ್ತ್ರೀಗೆ ದಾಯವಾಗಿ ಬಂದದ್ದು ಅವಳ ಸ್ವಂತದ್ದಾಯಿತು. ಗಂಡನಿಂದಲೋ ಮಗನಿಂದಲೋ ಬಂದದ್ದೂ ಕೆಲವು ನಿರ್ಬಂಧಗಳೊಡನೆ ಅವಳದ್ದಾಯಿತು. ಲೆಕ್ಕದ ರೀತಿ ಬೇರೆಯಾದರೂ ಈ ಕಾಲುಪಾಲು ಎಂಟು ಶತಮಾನಗಳ ಹಿಂದೆ ವಿಜ್ಞಾನೇಶ್ವರನು ಹೇಳಿದ್ದನ್ನು ನೆನಪಿಗೆ ತರುತ್ತದೆ. ಆಧುನಿಕ ಸುಧಾರಣೆಯೆಂದು ನಾವು ಮೆಚ್ಚುವುದು ಒಂದು ಅರ್ಥದಲ್ಲಿ ಕಳೆದುಹೋದ ಹಕ್ಕಿನ ಪುನಃಪ್ರಾಪ್ತಿಯಾಗಿತ್ತು.

ಶಾಸನಕ್ಕೆ ಮಿತಿಗಳಿದ್ದವು. ವಿವಾಹಿತೆಯಾದ ಮಗಳಿಗೆ ಪಾಲಿರಲಿಲ್ಲ. ಅವಿವಾಹಿತೆಯ ಪಾಲೂ ಸೋದರನದಕ್ಕೆ ಸಮನಾಗಿರಲಿಲ್ಲ. ಇದು ಅನ್ವಯವಾದದ್ದು ಹಳೆಯ ಮೈಸೂರಿಗೆ ಮಾತ್ರ. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮನ ಆಡಳಿತದಲ್ಲಿದ್ದವು. ಮಿತಾಕ್ಷರವೂ ಶರಣಧರ್ಮವೂ ಬೆಳೆದ ಆ ಕಲ್ಯಾಣದ ಹೆಣ್ಣುಮಗಳಿಗೇ ಈ ಶಾಸನದ ಫಲ ದೊರೆಯಲಿಲ್ಲವೆಂಬುದು ಇತಿಹಾಸದ ವಿಪರ್ಯಾಸ.

1956ರಿಂದ 2020ರವರೆಗೆ

ಇಡೀ ದೇಶಕ್ಕೆ ಏಕರೂಪದ ಹಿಂದೂ ಸಂಹಿತೆಯನ್ನು ರೂಪಿಸುವ ಕಾರ್ಯವು 1941ರಲ್ಲಿ ಆರಂಭವಾಯಿತು. ಅದಕ್ಕಾಗಿ ನೇಮಕವಾದ ಸಮಿತಿಯ ಅಧ್ಯಕ್ಷರು ದಕ್ಷಿಣ ಕನ್ನಡ ಮೂಲದ ಬೆನೆಗಲ್ ನರಸಿಂಗರಾಯರು. ಸ್ವಾತಂತ್ರ್ಯಾನಂತರ ಕಾನೂನು ಮಂತ್ರಿ ಡಾ. ಅಂಬೇಡ್ಕರರು ಆ ಮಸೂದೆಯನ್ನು ಮುನ್ನಡೆಸಿದರು. ಪ್ರಬಲ ವಿರೋಧದಿಂದ ಅದು ನೆನೆಗುದಿಗೆ ಬಿದ್ದುದು 1951ರಲ್ಲಿ ಅವರ ರಾಜೀನಾಮೆಯ ಮುಖ್ಯ ಕಾರಣಗಳಲ್ಲೊಂದು. ಮುಂದೆ ಮಸೂದೆಯು ಬಿಡಿಬಿಡಿಯಾಗಿ ಅಂಗೀಕೃತವಾಗಿ, 1956ರಲ್ಲಿ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜಾರಿಗೆ ಬಂದಿತು. ಅದರ ಎರಡನೆಯ ಪ್ರಕರಣದಲ್ಲಿ ಈ ಕಾನೂನು ಯಾರಿಗೆ ಅನ್ವಯಿಸುತ್ತದೆಂದು ಹೇಳುವಾಗ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ನಮೂದಿಸಲಾಗಿದೆ. ಧರ್ಮದ ಸ್ವರೂಪದ ಬಗೆಗೆ ವಿದ್ವಾಂಸರಲ್ಲಿ ಏನೇ ಚರ್ಚೆಯಿರಲಿ, ನಮ್ಮ ಹೆಣ್ಣುಮಕ್ಕಳ ದಾಯಹಕ್ಕನ್ನು ನಿರ್ಣಯಿಸುವ ಕಾನೂನು ಇದೇ.

1956ರ ಅಧಿನಿಯಮದ ಹದಿನಾಲ್ಕನೆಯ ಪ್ರಕರಣವು ವಿಧವೆಯ ಸೀಮಿತ ಹಕ್ಕನ್ನು ಪೂರ್ಣ ಹಕ್ಕನ್ನಾಗಿಸಿತು. ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನೊಡನೆ ಸಮಪಾಲು ಬಂದಿತು. ಆದರೆ ಪಿತ್ರಾರ್ಜಿತದಲ್ಲಿ ಮಗನ ಜನ್ಮಹಕ್ಕು ಹಾಗೆಯೇ ಉಳಿಯಿತು. ತಂದೆಯ ಮನೆಯಲ್ಲಿ ಸೋದರರು ಪಾಲು ಮಾಡಿಕೊಳ್ಳುವವರೆಗೆ ಮಗಳು ಆ ಮನೆಯ ಪಾಲನ್ನು ಕೇಳುವಂತಿರಲಿಲ್ಲ.

ಈ ಕೊರತೆಯನ್ನು ಮೊದಲು ತುಂಬಿದ್ದು ದಕ್ಷಿಣದ ರಾಜ್ಯಗಳು. ಕೇರಳವು 1975ರ ಶಾಸನದಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆದುಹಾಕಿತು. ಆಂಧ್ರಪ್ರದೇಶ, ತಮಿಳುನಾಡುಗಳು 1980ರ ದಶಕದಲ್ಲಿ ಮಗಳನ್ನು ಸಹದಾಯಿಯೆಂದು ಒಪ್ಪಿದವು. ಕರ್ನಾಟಕದ ತಿದ್ದುಪಡಿಯು 1994ರ ಜುಲೈ 30ರಿಂದ ಜಾರಿಗೆ ಬಂದಿತು; ಅದಕ್ಕೂ ಮೊದಲು ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಈ ಭೇದವನ್ನೂ ಅಳಿಸಿ, ಮಗಳು ಮಗನಂತೆಯೇ ಹುಟ್ಟಿನಿಂದ ಸಹದಾಯಿ ಎಂದು ಘೋಷಿಸಿತು. ತಿದ್ದುಪಡಿಯ ದಿನ ತಂದೆ ಜೀವಂತವಾಗಿರಬೇಕೇ ಎಂಬ ಸಂದೇಹವನ್ನು ಕುರಿತು 2015 ಮತ್ತು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪುಗಳು ಒಂದಕ್ಕೊಂದು ಹೊಂದಲಿಲ್ಲ. ಎರಡೂ ಮೊಕದ್ದಮೆಗಳು ಕರ್ನಾಟಕದಿಂದ ಹೋದವೇ. ಕಡೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು, ಹಕ್ಕು ಬರುವುದು ಹುಟ್ಟಿನಿಂದಲಾದುದರಿಂದ ತಂದೆ ಬದುಕಿದ್ದನೇ ಇಲ್ಲವೇ ಎಂಬ ಪ್ರಶ್ನೆ ಏಳುವುದಿಲ್ಲವೆಂದು ತೀರ್ಮಾನಿಸಿತು. ಮಗನ ಜನ್ಮಹಕ್ಕೆಂಬ ಮಿತಾಕ್ಷರದ ಸೂತ್ರವು ಹೀಗೆ ಮಗಳಿಗೂ ಸಂದಿತು. ಕಲ್ಯಾಣದ ಎರಡು ಪರಂಪರೆಗಳು ಕಾನೂನಿನಲ್ಲಿ ಕೂಡಿಕೊಂಡದ್ದು ಅಂದು ಎಂದರೆ ತಪ್ಪಾಗಲಾರದು.

ಮೀಸಲಾತಿಯ ವಾದ

ಆಸ್ತಿಯ ಹಕ್ಕು ಹೀಗೆ ಸಮವಾಯಿತು. ಆದರೆ ಅಧಿಕಾರದ ಸ್ಥಾನಗಳಲ್ಲಿ ಬಾಗಿಲು ತೆರೆದಿದ್ದರೆ ಸಾಕೇ, ಅಥವಾ ಕೈಹಿಡಿದು ಒಳಗೆ ಕರೆತರಬೇಕೇ ಎಂಬುದು ಬೇರೆ ಪ್ರಶ್ನೆ. ಈ ವಾದವು ಹೊಸದಲ್ಲ. ಸ್ತ್ರೀಯರೇ ಇದರಲ್ಲಿ ಎರಡು ಪಕ್ಷವಾಗಿದ್ದರು. 1930ರ ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಸ್ತ್ರೀಯರಿಗೆ ಸ್ಥಾನಗಳನ್ನು ಕಾದಿರಿಸಬೇಕೆಂದು ಕೇಳಿದ ಇಬ್ಬರಲ್ಲಿ ರಾಧಾಬಾಯಿ ಸುಬ್ಬರಾಯನ್ ಒಬ್ಬರು; ಇವರು ಮಂಗಳೂರಿನ ದಲಿತೋದ್ಧಾರಕ ಕುದ್ಮುಲ್ ರಂಗರಾಯರ ಪುತ್ರಿ. ಮರುವರ್ಷವೇ ಅಖಿಲ ಭಾರತ ಮಹಿಳಾ ಪರಿಷತ್ತು ಮೊದಲಾದ ಸಂಸ್ಥೆಗಳು, ತಮಗೆ ವಯಸ್ಕ ಮತದಾನ ಬೇಕು, ವಿಶೇಷ ರಿಯಾಯಿತಿ ಬೇಡವೆಂದು ಮನವಿ ಸಲ್ಲಿಸಿದವು. ಸಂವಿಧಾನ ರಚನಾಸಭೆಯಲ್ಲಿಯೂ ಹಂಸಾ ಮೆಹತಾ, ರೇಣುಕಾ ರಾಯ್ ಅವರು ಮೀಸಲು ಸ್ಥಾನಗಳನ್ನು ನಿರಾಕರಿಸಿ ಸಮಾನ ನ್ಯಾಯವನ್ನಷ್ಟೇ ಕೇಳಿದರು. ಆ ಮಾತಿನ ಹಿಂದಿದ್ದ ಆತ್ಮಗೌರವವನ್ನು ನಾವು ಮನ್ನಿಸಬೇಕು.

ಆದರೆ ಸಂವಿಧಾನದ ಕರ್ತೃಗಳು ಹದಿನೈದನೆಯ ಅನುಚ್ಛೇದದ ಮೂರನೆಯ ಖಂಡದಲ್ಲಿ, ಸ್ತ್ರೀಯರಿಗೂ ಮಕ್ಕಳಿಗೂ ವಿಶೇಷ ಉಪಬಂಧಗಳನ್ನು ಮಾಡಲು ರಾಜ್ಯಕ್ಕೆ ಅಡ್ಡಿಯಿಲ್ಲವೆಂಬ ಬಾಗಿಲನ್ನು ತೆರೆದಿಟ್ಟರು. ಎರಡೂವರೆ ದಶಕಗಳ ಅನುಭವದ ಬಳಿಕ, ಸ್ತ್ರೀಯರ ಸ್ಥಿತಿಗತಿಯನ್ನು ಪರಿಶೀಲಿಸಿದ ಫುಲ್‌ರೇಣು ಗುಹಾ ಸಮಿತಿಯ 1974ರ ವರದಿಯಲ್ಲಿ ಬಹುಮತವು ಶಾಸನಸಭೆಗಳ ಮೀಸಲಾತಿಯನ್ನು ಒಪ್ಪಲಿಲ್ಲ. ಲತಿಕಾ ಸರ್ಕಾರ್ ಮತ್ತು ವೀಣಾ ಮಜುಂದಾರ್ ಭಿನ್ನಮತವನ್ನು ದಾಖಲಿಸಿದರು. ಸಮಾನವಲ್ಲದ ನೆಲದ ಮೇಲೆ ಸಮಾನ ನಿಯಮವನ್ನು ಹೇರಿದರೆ ಅಸಮಾನತೆಯೇ ಮುಂದುವರಿಯುತ್ತದೆಂಬುದು ಈ ಭಿನ್ನಮತದ ಸಾರ.

ಆ ಭಿನ್ನಮತವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ತಂದ ರಾಜ್ಯಗಳಲ್ಲಿ ಕರ್ನಾಟಕಕ್ಕೆ ಅಗ್ರಸ್ಥಾನ ಸಲ್ಲಬೇಕು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಪಂಚಾಯಿತಿ ಶಾಸನವು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಶೇಕಡಾ 25 ಸ್ಥಾನಗಳನ್ನು ಸ್ತ್ರೀಯರಿಗೆ ಕಾದಿರಿಸಿತು. ಚುನಾವಣೆಗಳು 1987ರಲ್ಲಿ ನಡೆದವು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಇದನ್ನು ಮೂರನೆಯ ಒಂದು ಭಾಗಕ್ಕೆ ಏರಿಸಿ ದೇಶಕ್ಕೆಲ್ಲ ವಿಸ್ತರಿಸಿತು; ಕರ್ನಾಟಕವು 2010ರಲ್ಲಿ ಅರ್ಧಕ್ಕೆ ಏರಿಸಿತು. ಸರ್ಕಾರಿ ನೇಮಕಗಳಲ್ಲಿ ಸ್ತ್ರೀಯರಿಗೆ ಶೇಕಡಾ 30ರ ಆದ್ಯತೆ ಕೊಟ್ಟ ಆಂಧ್ರದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಎತ್ತಿಹಿಡಿಯಿತು. ಲೋಕಸಭೆ, ವಿಧಾನಸಭೆಗಳ ಮೀಸಲಾತಿ ಮಸೂದೆಯು ಮೊದಲು ಮಂಡಿತವಾದದ್ದು 1996ರಲ್ಲಿ, ಕನ್ನಡಿಗರಾದ ಎಚ್. ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಹಿಂದುಳಿದ ವರ್ಗಗಳ ಸ್ತ್ರೀಯರಿಗೆ ಒಳಮೀಸಲು ಬೇಕೆಂಬ ವಾದದಿಂದ ಅದು ದೀರ್ಘಕಾಲ ತಡೆಯಲ್ಪಟ್ಟು, 2023ರಲ್ಲಿ 106ನೆಯ ತಿದ್ದುಪಡಿಯಾಗಿ ಅಂಗೀಕೃತವಾಯಿತು. ಮುಂದಿನ ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಅನುಷ್ಠಾನಕ್ಕೆ ಬರತಕ್ಕದ್ದೆಂದು ಆ ತಿದ್ದುಪಡಿಯೇ ವಿಧಿಸಿತು.

ನಮ್ಮದೇ ಇತಿಹಾಸದ ಸಾಕ್ಷ್ಯ

ಮೀಸಲಾತಿಗೆ ಎದುರಾಗಿ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳು ಮೂರು. ಯೋಗ್ಯತೆ ಕುಗ್ಗುತ್ತದೆ, ಗೆದ್ದ ಹೆಣ್ಣಿನ ಹೆಸರಿನಲ್ಲಿ ಗಂಡನೇ ಆಳುತ್ತಾನೆ, ಲಾಭವು ಉಳ್ಳವರ ಮನೆಯ ಹೆಣ್ಣುಮಕ್ಕಳಿಗೇ ಸಲ್ಲುತ್ತದೆ. ಇವನ್ನು ತಳ್ಳಿಹಾಕುವ ಬದಲು ನಮ್ಮ ಸಮಾಜದ ಇತಿಹಾಸವನ್ನೇ ಸಾಕ್ಷಿಗೆ ಕರೆಯುವುದು ಒಳಿತು.

1918ರಲ್ಲಿ ಮೈಸೂರು ಸಂಸ್ಥಾನವು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೆಯ ಎರಡು ಭಾಗ ಬ್ರಾಹ್ಮಣೇತರ ಸಮುದಾಯಗಳಿಗೆ ಸಲ್ಲಬೇಕೆಂದು ಅದು 1919ರಲ್ಲಿ ಶಿಫಾರಸು ಮಾಡಿತು. ಫಲಾನುಭವಿಗಳಲ್ಲಿ ವೀರಶೈವರೂ ಇದ್ದರು. ಯೋಗ್ಯತೆ ಕುಗ್ಗುತ್ತದೆಂಬ ಆತಂಕವನ್ನು ಅಂದು ಎತ್ತಿದವರು ಸಾಮಾನ್ಯರಲ್ಲ, ದಿವಾನ್ ವಿಶ್ವೇಶ್ವರಯ್ಯನವರು. ಅವರು ಪದವಿಯನ್ನು ಬಿಡಲು ಈ ಭಿನ್ನಾಭಿಪ್ರಾಯವೂ ಒಂದು ಕಾರಣವಾಯಿತು. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಆದರೂ ತಲೆಮಾರುಗಳಿಂದ ಓದಿನ ಅವಕಾಶವಿಲ್ಲದವರ ಯೋಗ್ಯತೆಯನ್ನು ಓದಿದವರ ಅಳತೆಗೋಲಿನಿಂದ ಅಳೆಯಬಾರದೆಂಬ ವಾದವನ್ನು ನಮ್ಮ ಹಿರಿಯರು ಮಂಡಿಸಿದರು, ಗೆದ್ದರು. ಆ ವಾದದಿಂದ ಶಾಲೆ, ಕಚೇರಿಗಳ ಬಾಗಿಲು ದಾಟಿದ ಸಮಾಜವು ಅದೇ ವಾದವನ್ನು ತನ್ನ ಮನೆಯ ಹೆಣ್ಣುಮಕ್ಕಳು ಮುಂದಿಟ್ಟಾಗ ಅಲ್ಲಗಳೆಯುವುದು ನ್ಯಾಯವೇ?

ಮೂರನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. 1962ರಲ್ಲಿ ಮೈಸೂರು ಸರ್ಕಾರವು ಶೇಕಡಾ 68ರಷ್ಟು ಸ್ಥಾನಗಳನ್ನು ಕಾದಿರಿಸಿದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿ, ಮೀಸಲಾತಿಯು ಸ್ಥೂಲವಾಗಿ ಶೇಕಡಾ 50ನ್ನು ಮೀರಬಾರದೆಂದಿತು. 1975ರ ಹಾವನೂರು ಆಯೋಗದ ವರದಿಯು ಮುಂದುವರಿದವರೆಂದು ಲಿಂಗಾಯತರನ್ನು ಪಟ್ಟಿಯಿಂದ ಹೊರಗಿಟ್ಟಾಗ ನಮ್ಮ ಸಮಾಜವು ತೀವ್ರವಾಗಿ ಕಳವಳಗೊಂಡಿತು. ಒಂದು ಸಮುದಾಯದೊಳಗೇ ಉಳ್ಳವರೂ ಇಲ್ಲದವರೂ ಇರುತ್ತಾರೆಂಬ ವಾದವನ್ನು ಅಂದು ನಾವೇ ಮಾಡಿದೆವು. ಸ್ತ್ರೀಯರಿಗೂ ಇದು ಅನ್ವಯಿಸುತ್ತದೆ. ಕಾಯಕಜೀವಿ ಕುಟುಂಬಗಳ, ಕೆಳವರ್ಗಗಳ ಹೆಣ್ಣುಮಕ್ಕಳಿಗೆ ಪಾಲು ತಲುಪುವಂತೆ ಮೀಸಲಾತಿಯನ್ನು ತಿದ್ದಬೇಕು. ಅದನ್ನೇ ನೆಪಮಾಡಿ ಕೈಬಿಡುವುದು ಸಲ್ಲದು.

ಗಂಡನೇ ಆಳುತ್ತಾನೆಂಬ ಎರಡನೆಯ ಆಕ್ಷೇಪವು ಕಾನೂನಿಗಿಂತ ಹೆಚ್ಚಾಗಿ ನಮ್ಮ ಮನೆಗಳನ್ನು ಕುರಿತದ್ದು. ಆಸ್ತಿಯ ವಿಷಯದಲ್ಲಿಯೂ ಇದೇ ಕಥೆಯಿದೆ. ಕಾನೂನು ಸಮಪಾಲು ಕೊಟ್ಟಿದ್ದರೂ ಸೋದರಿಯರು ಉಪನೋಂದಣಿ ಕಚೇರಿಯಲ್ಲಿ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿ, ಅರಿಸಿನ ಕುಂಕುಮದ ಸೀರೆಯಿಂದ ತೃಪ್ತರಾಗಿ ಮರಳುವುದು ಇಂದಿಗೂ ಅಪರೂಪವಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ ಅದರ ಹಿಂದಿದೆ. ಮನಃಪೂರ್ವಕವಾದ ತ್ಯಾಗ ಬೇರೆ, ಅಂಜಿಕೆಯ ತ್ಯಾಗ ಬೇರೆ. ಮೊದಲನೆಯದು ದಾಸೋಹ, ಎರಡನೆಯದು ಸುಲಿಗೆಯ ಸೌಮ್ಯರೂಪ. ಈ ಅಂಜಿಕೆಯನ್ನು ಯಾವ ನ್ಯಾಯಾಲಯವೂ ನೀಗಿಸಲಾರದು. ಅದನ್ನು ನೀಗಿಸಬಲ್ಲವರು ಮನೆಯ ಹಿರಿಯರು, ಗುರುಗಳು, ಮಠಗಳು.

ಉಪಸಂಹಾರ

ಎಂಟುನೂರು ವರ್ಷಗಳ ಹಿಂದೆಯೇ ನಾವು ಸ್ತ್ರೀಗೆ ಸಮಾನತೆ ಕೊಟ್ಟೆವು, ಇನ್ನು ಕಾನೂನೇಕೆ, ಮೀಸಲಾತಿಯೇಕೆ ಎಂಬ ಮಾತು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಕೇಳಿಬರುತ್ತದೆ. ಹೆಮ್ಮೆಗೆ ಕಾರಣವಿದೆ. ಆದರೆ ಮೇಲೆ ನಿರೂಪಿಸಿದ ಇತಿಹಾಸವು ತೋರಿಸುವಂತೆ, ಅರಿವಿನಲ್ಲಿ ಬಂದ ಸಮಾನತೆ ಆಚಾರಕ್ಕೆ ಇಳಿಯದಿದ್ದರೆ ಅದು ಗ್ರಂಥದಲ್ಲಿಯೇ ಉಳಿಯುತ್ತದೆ. ಶರಣರು ಅರಿವು ಆಚಾರಗಳನ್ನು ಬೇರ್ಪಡಿಸಲಿಲ್ಲ. ಮಗಳಿಗೆ ಲಿಂಗವನ್ನು ಕಟ್ಟುವ ಕೈ ಅವಳ ಪಾಲಿನ ಪತ್ರಕ್ಕೂ ಸಂಕೋಚವಿಲ್ಲದೆ ರುಜು ಹಾಕಬೇಕು. ಅವಳು ಪಂಚಾಯಿತಿಯ ಪೀಠದಲ್ಲಿ ಕುಳಿತಾಗ ಪಕ್ಕದ ಕುರ್ಚಿಯನ್ನು ಗಂಡನು ತೆರವುಗೊಳಿಸಬೇಕು. ವಿಜ್ಞಾನೇಶ್ವರನ ಲೇಖನಿಗೂ ಬಸವಣ್ಣನವರ ದೃಷ್ಟಿಗೂ ನಡುವೆ ಕಲ್ಯಾಣದಲ್ಲಿ ಉಳಿದುಹೋದ ಅಂತರವನ್ನು ದೇಶದ ಕಾನೂನು ತನ್ನ ಮಟ್ಟಿಗೆ ತುಂಬಿದೆ. ಉಳಿದದ್ದನ್ನು ತುಂಬುವ ಹೊಣೆ ಭಕ್ತಸಮುದಾಯದ್ದು.